ಎಫ್‌ಡಿ ಎಂದು ಹೇಳಿ ವಿಮೆ ಮಾರಿದರು: ಹಿರಿಯರನ್ನು ಒಬ್ಬರೇ ಬ್ಯಾಂಕಿಗೆ ಕಳುಹಿಸಬೇಡಿ

ನಿಮ್ಮ ತಂದೆ ಅಥವಾ ತಾಯಿಯ ಎಫ್‌ಡಿ ಅವಧಿ ಮುಗಿಯುವ ದಿನ ಹತ್ತಿರ ಬಂದಿದ್ದರೆ ದಯವಿಟ್ಟು ಇದನ್ನು ಓದಿ. ಠೇವಣಿ ಮುಗಿಯುವ ದಿನಾಂಕ ಬ್ಯಾಂಕಿನವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಅಂದು ಅವರು ಕಾದು ಕುಳಿತಿರುತ್ತಾರೆ.

ನನ್ನ ತಾಯಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಅವಳಿಗೆ ಬಂದ ಗ್ರಾಚ್ಯುಟಿಯಲ್ಲಿ 5 ಲಕ್ಷ ರೂಪಾಯಿ ನಮ್ಮ ತಾಲ್ಲೂಕು ಕೇಂದ್ರದ ಒಂದು ಬ್ಯಾಂಕಿನಲ್ಲಿ ಎಫ್‌ಡಿ ಆಗಿತ್ತು. ಅದನ್ನು ಮುಂದುವರಿಸಲು 2024ರ ಕೊನೆಯಲ್ಲಿ ಹೋದಳು. ಕೌಂಟರಿನಲ್ಲಿ ಆಗಬೇಕಾದ ಕೆಲಸವನ್ನು ಬಿಟ್ಟು, ಒಳಗೆ ಕೂರಿಸಿ ಚಹಾ ತರಿಸಿ ಕೊಟ್ಟರಂತೆ. ಅಲ್ಲಿದ್ದ ಯುವಕ ಮಾತಿಗೊಮ್ಮೆ ‘ಅಮ್ಮ’ ಎಂದನಂತೆ. ‘ಅಮ್ಮ, ಮಾಮೂಲಿ ಎಫ್‌ಡಿಗಿಂತ ಇದಕ್ಕೆ ಹೆಚ್ಚು ಬರುತ್ತದೆ, ಐದು ಲಕ್ಷಕ್ಕೆ ಪೂರ್ತಿ ಇನ್ಶೂರೆನ್ಸ್ ಇದೆ’ ಎಂದ. ಬ್ಯಾಂಕ್ ಮುಳುಗಿದರೂ 5 ಲಕ್ಷದವರೆಗಿನ ಠೇವಣಿಗೆ ವಿಮೆಯ ರಕ್ಷಣೆ ಇದೆ ಎಂಬುದನ್ನು ಅಮ್ಮ ಪತ್ರಿಕೆಯಲ್ಲಿ ಓದಿದ್ದಳು. 2020ರಿಂದ ಆ ಮಿತಿ ಜಾರಿಯಲ್ಲಿದೆ. ಅವನು ಹೇಳುತ್ತಿರುವುದು ಅದನ್ನೇ ಎಂದುಕೊಂಡಳು. ಅವಳು ಹಾಗೆ ಎಂದುಕೊಳ್ಳಲಿ ಎಂದೇ ಅವನು ಹೇಳಿದ್ದು.

‘ಹದಿನೈದು ಎಚ್ ಫಾರಂ ಕೊಡಬೇಕಲ್ಲವೇ?’ ಎಂದು ಅವಳೇ ಕೇಳಿದ್ದಾಳೆ. ಬಡ್ಡಿಯಲ್ಲಿ ತೆರಿಗೆ (ಟಿಡಿಎಸ್) ಕಡಿತವಾಗಬಾರದೆಂದು ಹಿರಿಯ ನಾಗರಿಕರು ಆಗ ಪ್ರತಿವರ್ಷ ಕೊಡುತ್ತಿದ್ದ ಅರ್ಜಿ ಅದು. ‘ಇದಕ್ಕೆ ಅದರ ಅಗತ್ಯವೇ ಇಲ್ಲ ಅಮ್ಮ, ಅದೇ ಇದರ ಅನುಕೂಲ’ ಎಂದ. ಅಗತ್ಯ ಎಲ್ಲಿಂದ ಬರಬೇಕು? ಅದು ಠೇವಣಿಯೇ ಅಲ್ಲ! ಹದಿನೈದು ವರ್ಷದ ಜೀವವಿಮಾ ಪಾಲಿಸಿ. ಹತ್ತು ವರ್ಷ, ವರ್ಷಕ್ಕೆ 5 ಲಕ್ಷದಂತೆ ಕಟ್ಟಬೇಕಾದ ಪಾಲಿಸಿ. ಪಿಂಚಣಿಯಲ್ಲಿ ಬದುಕುವ ಹೆಂಗಸಿಗೆ!

ಮರುದಿನ ವಿಮಾ ಕಂಪನಿಯಿಂದ ಪರಿಶೀಲನೆಯ ಕರೆ ಬಂತು. ಬರುವ ಮೊದಲೇ ಯುವಕ ಫೋನ್ ಮಾಡಿ, ‘ಏನು ಕೇಳಿದರೂ ಹೌದು ಎನ್ನಿ ಅಮ್ಮ, ಇಲ್ಲವಾದರೆ ನಿಮ್ಮ ಎಫ್‌ಡಿ ತಡವಾಗುತ್ತದೆ’ ಎಂದು ಹೇಳಿಕೊಟ್ಟಿದ್ದ. ಅವಳು ಹೌದು ಎಂದಳು. ಎಲ್ಲದಕ್ಕೂ ಹೌದು ಎಂದಳು.

ಇದು ಗೊತ್ತಾದದ್ದು ಒಂದು ವರ್ಷದ ನಂತರ. ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ ಕಾರಣ ನಿಮ್ಮ ಕಂತು ಪಾವತಿಯಾಗಿಲ್ಲ’ ಎಂಬ ಸಂದೇಶ ಬಂತು. ಯಾರೋ ಮೋಸಗಾರರ ಸಂದೇಶವಿರಬೇಕು, ಒತ್ತಬೇಡ ಎಂದು ನಾನೇ ಅಮ್ಮನಿಗೆ ಹೇಳಿದೆ. ಮತ್ತೆ ಬಂತು. ಪಾಸ್‌ಬುಕ್ ತೆಗೆದು ನೋಡಿದಾಗ ಠೇವಣಿಯ ಹಣ ಉಳಿತಾಯ ಖಾತೆಗೆ ಬಂದು, ಎರಡೇ ದಿನದಲ್ಲಿ ವಿಮಾ ಕಂಪನಿಗೆ ಹೋಗಿತ್ತು. ಆ ಸಾಲನ್ನು ಓದಿದಾಗ ನನ್ನ ಕೈ ನಡುಗಿತು. ಅಮ್ಮ ಏನೂ ಮಾತನಾಡಲಿಲ್ಲ. ಈ ವಿಷಯ ಚಿಕ್ಕಮ್ಮನಿಗೆ, ನೆಂಟರಿಗೆ ಯಾರಿಗೂ ತಿಳಿಯಬಾರದು ಎಂದಷ್ಟೇ ಹೇಳಿದಳು. ನಾಚಿಕೆಪಡಬೇಕಾದವರು ಯಾರು, ನಾಚಿಕೆಪಡುತ್ತಿರುವವರು ಯಾರು! ಈಗ ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅರ್ಜಿಯ ಪ್ರತಿ ತರಿಸಿಕೊಂಡೆ. ವಾರ್ಷಿಕ ಆದಾಯ 12 ಲಕ್ಷ ಎಂದು ಬರೆದಿದ್ದಾರೆ. ಪಿಂಚಣಿ ಪ್ರತಿ ತಿಂಗಳು ಅದೇ ಶಾಖೆಗೆ ಬರುತ್ತದೆ, ಅವಳ ಆದಾಯ ಎಷ್ಟೆಂದು ಅವರಿಗೆ ಗೊತ್ತಿಲ್ಲವೇ? ಇಮೇಲ್ ವಿಳಾಸ ಅಮ್ಮನದಲ್ಲ, ನಮ್ಮ ಮನೆಯವರು ಯಾರದ್ದೂ ಅಲ್ಲ. ಪಾಲಿಸಿ ಪತ್ರ ಹೋದದ್ದು ಆ ವಿಳಾಸಕ್ಕೆ. ಪಾಲಿಸಿ ಬೇಡವೆಂದರೆ ಪತ್ರ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಿ, ಸಣ್ಣ ಕಡಿತ ಬಿಟ್ಟು ಉಳಿದ ಹಣ ವಾಪಸ್ ಪಡೆಯಬಹುದು. ಆ 30 ದಿನ ನಮಗೆ ತಿಳಿಯದಂತೆ ಕಳೆಯಲಿ ಎಂದು ಮಾಡಿದ ಕೆಲಸವಲ್ಲದೆ ಇದು ಮತ್ತೇನು?

ಶಾಖಾ ವ್ಯವಸ್ಥಾಪಕರ ಉತ್ತರ ಕೇಳಿ. ‘ಸರ್, ನಿಮ್ಮ ತಾಯಿ ಶಿಕ್ಷಕರಾಗಿದ್ದವರು. ಓದದೆ ಸಹಿ ಹಾಕುತ್ತಾರೆಯೇ?’ ಅಮ್ಮನ ಎದುರಿಗೇ ಹೀಗೆ ಕೇಳಿದರು. ಪಾಲಿಸಿ ಮಾರಿದವನು ಎಲ್ಲಿ ಎಂದರೆ ‘ವರ್ಗಾವಣೆಯಾಗಿದೆ’. ಹಣದ ಮಾತೆತ್ತಿದರೆ ‘ಅದು ವಿಮಾ ಕಂಪನಿಯ ವಿಷಯ, ನಾವು ಏಜೆಂಟರು ಮಾತ್ರ’. ವಿಮಾ ಕಂಪನಿಯನ್ನು ಕೇಳಿದರೆ ‘ಗ್ರಾಹಕರು ಕರೆಯಲ್ಲಿ ಒಪ್ಪಿದ್ದಾರೆ, ಅವಧಿ ಮುಗಿದಿದೆ’. ಕೊನೆಗೆ ವ್ಯವಸ್ಥಾಪಕರು ಕೊಟ್ಟ ಪರಿಹಾರ: ‘ಇನ್ನೊಂದು ಕಂತು ಕಟ್ಟಿಬಿಡಿ ಸರ್, ಆಮೇಲೆ ನೋಡೋಣ’. ಹೋದ ಐದು ಲಕ್ಷ ಉಳಿಸಲು ಮತ್ತೆ ಐದು ಲಕ್ಷ! ಈಗಲೇ ಸರೆಂಡರ್ ಮಾಡಿದರೆ, ಅಂದರೆ ಪಾಲಿಸಿಯನ್ನು ಅವಧಿಗೆ ಮೊದಲೇ ಮುಚ್ಚಿದರೆ, ಕಟ್ಟಿದ್ದರಲ್ಲಿ ಅರ್ಧವೂ ಬರುವುದಿಲ್ಲ ಎಂದೂ ಅವರೇ ಹೇಳಿದರು. ವರ್ಷ ವರ್ಷ ಕಟ್ಟುವ ಪಾಲಿಸಿಯ ಮೊದಲ ಕಂತಿಗೇ ಹೆಚ್ಚಿನ ಕಮಿಷನ್. ಆದ್ದರಿಂದಲೇ ಮೊದಲ ಕಂತು ಬಂದ ಮೇಲೆ ನಮ್ಮ ಗತಿ ಏನಾದರೂ ಅವರಿಗೆ ಚಿಂತೆಯಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಬ್ಯಾಂಕುಗಳು ಹೀಗೆ ತಪ್ಪು ಹೇಳಿ ವಿಮೆ ಮಾರುವುದರ ಬಗ್ಗೆ 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದ್ದರು. ಅದೇ ದಿನಗಳಲ್ಲಿ ನನ್ನ ತಾಯಿಗೆ ಚಹಾ ಕೊಟ್ಟು ಸಹಿ ಹಾಕಿಸಿಕೊಂಡರು.

ಹಣ ಇಟ್ಟ ದಿನವೇ ಎಫ್‌ಡಿ ರಸೀದಿ ಕೇಳಿ. ಅದರಲ್ಲಿ ಬಡ್ಡಿ ದರ ಮತ್ತು ಮುಗಿಯುವ ದಿನಾಂಕ ಇರಬೇಕು. ‘ಪ್ರೀಮಿಯಂ’, ‘ಪಾಲಿಸಿ’ ಎಂಬ ಮಾತು ಕಾಗದದಲ್ಲಿ ಎಲ್ಲಿ ಕಂಡರೂ ಎದ್ದು ಬನ್ನಿ. ಖಾಲಿ ಅರ್ಜಿಗೆ ಸಹಿ ಬೇಡ. ಒಟಿಪಿ ಬ್ಯಾಂಕಿನವರೇ ಕೇಳಿದರೂ ಹೇಳಬೇಡಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಮೊದಲು ಬ್ಯಾಂಕಿಗೂ ವಿಮಾ ಕಂಪನಿಗೂ ಬರಹದಲ್ಲಿ ದೂರು ಕೊಡಿ, ಬಾಯಿಮಾತಿನ ಭರವಸೆ ನಂಬಬೇಡಿ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು, ಸಹಾಯವಾಣಿ 155255. ಕಂಪನಿ ತಿರಸ್ಕರಿಸಿದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಾವು ಅಲ್ಲಿಗೆ ದೂರು ಕಳುಹಿಸಿದ್ದೇವೆ. ಸುಳ್ಳು ಆದಾಯ, ಸುಳ್ಳು ಇಮೇಲ್ ಎರಡನ್ನೂ ಅದರಲ್ಲಿ ತೋರಿಸಿದ್ದೇವೆ, ಆ ಪರಿಶೀಲನೆಯ ಕರೆಯ ಧ್ವನಿಮುದ್ರಣ ಕೊಡಿಸುವಂತೆಯೂ ಕೇಳಿದ್ದೇವೆ.

ಇನ್ನೊಂದು ಮಾತು. ದೂರು ಕೊಟ್ಟ ಕೆಲವೇ ದಿನಗಳಲ್ಲಿ ‘ವಿಮಾ ಪ್ರಾಧಿಕಾರದಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಣ ಬಿಡಿಸಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂಬ ಕರೆ ಅಮ್ಮನಿಗೆ ಬಂತು. ಪಾಲಿಸಿ ಸಂಖ್ಯೆ, ಕಂತಿನ ಮೊತ್ತ ಎಲ್ಲವನ್ನೂ ಸರಿಯಾಗಿ ಹೇಳಿದರು. ಪ್ರಾಧಿಕಾರ ಹಾಗೆ ಕರೆ ಮಾಡಿ ಹಣ ಕೇಳುವುದಿಲ್ಲ. ಅಂಥ ಕರೆ ಬಂದರೆ ತಕ್ಷಣ ಕತ್ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.