ಹಳೆ ಜಿಪ್ಸಿ ಕೊಳ್ಳುವಾಗ ಎಂಜಿನ್ ಕೊನೆಗೆ ನೋಡಿ

ಹಳೆ ಮಾರುತಿ ಜಿಪ್ಸಿ ಮಾರುವವರು ಮೊದಲು ಬಾನೆಟ್ ಎತ್ತುತ್ತಾರೆ. ತೊಳೆದು ಹೊಳೆಯುವ ಎಂಜಿನ್, ಒಂದೇ ಸೆಲ್ಫ್‌ಗೆ ಸ್ಟಾರ್ಟು, ಹೊಗೆ ಇಲ್ಲ. ಕೊಳ್ಳಲು ಹೋದವರು ಅಲ್ಲೇ ಮರುಳಾಗುತ್ತಾರೆ. ನಿಜ ಹೇಳಬೇಕೆಂದರೆ ಈ ಗಾಡಿಯಲ್ಲಿ ಸುಲಭಕ್ಕೆ ಸರಿಹೋಗುವುದು ಎಂಜಿನ್ನೇ. ದುಡ್ಡು ನುಂಗುವುದು ತುಕ್ಕು, ನಿದ್ದೆಗೆಡಿಸುವುದು ಕಾಗದಪತ್ರ. ಹಾಗಾಗಿ ಮೊದಲು ಕಾಗದ, ಆಮೇಲೆ ಚಾಸಿ, ಬಾಡಿ, ಹೌಸಿಂಗ್ (ಚಕ್ರಗಳ ಆಕ್ಸಲ್ ಇರುವ ಕಬ್ಬಿಣದ ಕವಚ), ಎಲ್ಲ ಮುಗಿದ ಮೇಲೆ ಎಂಜಿನ್.

ಯಾವ ಜಿಪ್ಸಿ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಿ. 1985ರ ಡಿಸೆಂಬರಿನಲ್ಲಿ ಬಂದ ಎಂಜಿ410ಕ್ಕೆ 970 ಸಿಸಿ ಎಫ್10ಎ ಎಂಜಿನ್, 45 ಬಿಎಚ್‌ಪಿ, ನಾಲ್ಕು ಗೇರು. 1993ರಲ್ಲಿ ಅದೇ ಎಂಜಿನ್ನಿಟ್ಟು ಚಕ್ರಗಳ ನಡುವಿನ ಅಗಲವನ್ನು 90 ಮಿ.ಮೀ. ಹೆಚ್ಚಿಸಿದರು, ಅದು ಎಂಜಿ410ಡಬ್ಲ್ಯು. 1996ರಲ್ಲಿ ಜಿಪ್ಸಿ ಕಿಂಗ್, ಅಂದರೆ ಎಂಜಿ413ಡಬ್ಲ್ಯು ಬಂತು: 1298 ಸಿಸಿ, 60 ಬಿಎಚ್‌ಪಿ, ಐದು ಗೇರು. 2000ದಲ್ಲಿ ಇದಕ್ಕೇ 16 ವಾಲ್ವಿನ ಎಂಪಿಎಫ್ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಹಾಕಿ 80 ಬಿಎಚ್‌ಪಿ ಮಾಡಿದರು, ಜೊತೆಗೆ ಬ್ರೇಕ್ ಬೂಸ್ಟರ್ ಕೊಟ್ಟರು. 2019ರಲ್ಲಿ ಜನಸಾಮಾನ್ಯರಿಗೆ ಮಾರಾಟ ನಿಂತಿತು.

ಹಳೆ 410 ನೋಡಲು ಚಂದ, ಕಾಡುದಾರಿಯಲ್ಲಿ ಹಗುರ. ಆದರೆ ಹೈವೇಯಲ್ಲಿ ಲಾರಿಗಳೇ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಬೂಸ್ಟರ್ ಇಲ್ಲದ ಬ್ರೇಕಿಗೆ ಕಾಲಿನ ಬಲವೇ ಬೇಕು. ಸಂಗ್ರಹಕ್ಕೆ ಇಡುವವರನ್ನು ಬಿಟ್ಟು ಬೇರೆಯವರಿಗೆ ನನ್ನ ಶಿಫಾರಸು ಇಲ್ಲ. ಬಿಚ್ಚಿ ಕಟ್ಟಿ ಕಲಿಯಬೇಕು ಅನ್ನುವವರಿಗೆ 1996ರಿಂದ 2000ದ ನಡುವಿನ ಕಾರ್ಬುರೇಟರ್ ಕಿಂಗ್ ಸೂಕ್ತ. ತಾಲ್ಲೂಕು ಕೇಂದ್ರದ ಯಾವ ಮೆಕ್ಯಾನಿಕ್ಕೂ ಅದಕ್ಕೆ ಕೈಹಾಕಲು ಹೆದರುವುದಿಲ್ಲ. ವಾರಕ್ಕೊಮ್ಮೆ ಬೆಂಗಳೂರು–ಸಕಲೇಶಪುರ ಓಡಾಡುವವರು ಮಾತ್ರ ಎಂಪಿಎಫ್ಐ ನೋಡಲಿ.

ಇನ್ನು ಕಾಗದ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಚಾಸಿಯ ಮೇಲೆ ಕೊರೆದ ನಂಬರಿಗೆ ತಾಳೆ ಹಾಕುವುದು ಎಲ್ಲರಿಗೂ ಗೊತ್ತು. ನೋಡುವ ರೀತಿಯಲ್ಲಿ ಎಡವುತ್ತಾರೆ. ಡೀಸೆಲ್ ಅದ್ದಿದ ಬಟ್ಟೆಯಿಂದ ಆ ಜಾಗ ಒರೆಸಿ, ವೈರ್ ಬ್ರಶ್ಶಿನಿಂದ ಉಜ್ಜಿ, ಟಾರ್ಚನ್ನು ಅಡ್ಡವಾಗಿ ಹಿಡಿಯಿರಿ. ಗ್ರೈಂಡರ್ ಆಡಿಸಿದ ಗೆರೆ, ನಂಬರಿನ ಸುತ್ತ ಚೌಕಾಕಾರದ ವೆಲ್ಡಿಂಗ್, ಏರುಪೇರಾದ ಅಂಕೆ ಕಂಡರೆ ವ್ಯಾಪಾರ ಅಲ್ಲಿಗೇ ಬಿಡಿ. ಗುಜರಿಗೆ ಹೋದ ಗಾಡಿಯ ಆರ್‌ಸಿಯನ್ನು ಇನ್ನೊಂದು ಚಾಸಿಗೆ ಅಂಟಿಸುವ ದಂಧೆ ಹಳೆಯದು. ಎಂಜಿನ್ ನಂಬರೂ ನೋಡಿ. 410ಕ್ಕೆ 1300 ಸಿಸಿ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಬದಲಿಸದೆ ಬಿಟ್ಟಿರುವುದು ಸಾಮಾನ್ಯ. ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದ ದಿನ ಅದು ನಿಮ್ಮ ತಲೆನೋವು. ಡೀಸೆಲ್ ಎಂಜಿನ್ ಕೂರಿಸಿದ್ದನ್ನಂತೂ ಮುಟ್ಟಲೇಬೇಡಿ.

ಹದಿನೈದು ವರ್ಷ ದಾಟಿದ ಗಾಡಿಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ಫಿಟ್‌ನೆಸ್ ಪರೀಕ್ಷೆ ಮುಗಿಸಿ ನೋಂದಣಿ ನವೀಕರಿಸಬೇಕು. ಸಿಗುವುದು ಐದೈದು ವರ್ಷ. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಕಾರುಗಳಿಗೆ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ದಿಲ್ಲಿ, ಪಂಜಾಬ್ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ, ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಸೇನೆ ಹರಾಜು ಹಾಕಿದ ಜಿಪ್ಸಿಯಾದರೆ ಹರಾಜಿನ ಮೂಲ ಬಿಡುಗಡೆ ಪತ್ರ ಬೇಕೇ ಬೇಕು. ಅದರ ಜೆರಾಕ್ಸ್ ಹಿಡಿದು ಆರ್‌ಟಿಒ ಮುಂದೆ ನಿಂತರೆ ಏನೂ ನಡೆಯುವುದಿಲ್ಲ. ‘ವಿಂಟೇಜ್ ನಂಬರ್ ಮಾಡಿಸಿಕೊಡ್ತೀವಿ ಸಾರ್’ ಅನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ. 2021ರ ನಿಯಮದಂತೆ ‘ವಿಎ’ ಅಕ್ಷರದ ನಂಬರ್ ಸಿಗುವುದು 50 ವರ್ಷ ದಾಟಿದ ಗಾಡಿಗೆ. ಮೊಟ್ಟಮೊದಲ ಜಿಪ್ಸಿಗೂ ಅದು ಸಿಗುವುದು 2035ರ ಕೊನೆಗೆ, ಸಿಕ್ಕರೂ ದಿನನಿತ್ಯ ಓಡಿಸುವಂತಿಲ್ಲ.

ಕಾಗದ ಸರಿಯಿದ್ದರೆ ಗಾಡಿಯ ಕೆಳಗೆ ಮಲಗಿ. ಚಾಸಿ ಡಬ್ಬಿಯಂಥ ಪೆಟ್ಟಿಗೆ ಆಕಾರದ್ದು. ಒಳಗೆ ಕೆಸರು ಹೊಕ್ಕರೆ ವರ್ಷಗಟ್ಟಲೆ ಅಲ್ಲೇ ಕೂತು ಒಳಗಿನಿಂದ ತಿನ್ನುತ್ತದೆ, ಹೊರಗೆ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ಅಡಿಯುದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತಿಂದ ಜಾಗ ಮಂಕಾಗಿ ಡಬ್ ಅನ್ನುತ್ತದೆ, ಒಳಗಿನಿಂದ ಪುಡಿ ಉದುರುತ್ತದೆ. ಹಿಂದಿನ ಸ್ಪ್ರಿಂಗ್ ಶಾಕಲ್ (ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರುವ ಬ್ರಾಕೆಟ್ಟಿನ ಸುತ್ತ, ಬಾಡಿ ಮೌಂಟುಗಳ ಬುಡದಲ್ಲಿ ಎರಡೆರಡು ಸಲ ತಟ್ಟಿ. ಮಲೆನಾಡಿನ ಗಾಡಿಗೆ ಕೆಸರು, ಮಂಗಳೂರು–ಉಡುಪಿ ಕಡೆಯದಕ್ಕೆ ಉಪ್ಪುಗಾಳಿ. ಎರಡನೆಯದು ಹೆಚ್ಚು ಕೆಟ್ಟದ್ದು.

ಬಾಡಿಯಲ್ಲಿ ಮುಂದಿನ ಮ್ಯಾಟ್ ಎತ್ತಿಸಿ ಕಾಲಿಡುವ ಜಾಗ ನೋಡಿ. ಬ್ಯಾಟರಿ ತಟ್ಟೆ, ಮುಂದಿನ ಗಾಜಿನ ಚೌಕಟ್ಟಿನ ಕೆಳ ಅಂಚು, ಹಿಂದಿನ ಚಕ್ರದ ಮೇಲಿನ ಕಮಾನು, ಹಿಂಬಾಗಿಲಿನ ತಳ ಇವೂ ತುಕ್ಕಿಗೆ ಪ್ರಿಯವಾದ ಜಾಗಗಳೇ. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟುನೋಡಿ: ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ ಅಥವಾ ಫೈಬರ್.

ಈಗ ಜಿಪ್ಸಿಯ ನಿಜವಾದ ರೋಗಕ್ಕೆ ಬರೋಣ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಒಂದು ಗುಂಡಿಗೆ ಬಿದ್ದ ಕೂಡಲೇ ಸ್ಟೇರಿಂಗ್ ಕೈಯಿಂದ ಕಿತ್ತುಹೋಗುವಂತೆ ಅಲ್ಲಾಡುವುದು, ಗಾಡಿ ನಿಲ್ಲಿಸುವ ತನಕ ಬಿಡದಿರುವುದು. ಮಾರುವವರು ಇದಕ್ಕೆ ಅಲ್ಲಾಟ ತಡೆಯುವ ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಮುಚ್ಚಿರುತ್ತಾರೆ. ಹಳೆ ಗಾಡಿಯಲ್ಲಿ ಡ್ಯಾಂಪರ್ ಮಾತ್ರ ಹೊಚ್ಚಹೊಸದಿದ್ದರೆ ಅನುಮಾನ ಪಡಿ. ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿ. ಟೈರಿನ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟದ ಬೇರಿಂಗ್. ಎಡ–ಬಲ ತುದಿ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ಬಾಕ್ಸ್.

ಕಿಂಗ್‌ಪಿನ್ ಬೇರಿಂಗ್ ಒಂದು ಕಡೆಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು. ಬದಲಿಸುವಾಗ ನಾಲ್ಕನ್ನೂ ಬದಲಿಸಿ. ಕೆಲಸ ಕೆಡುವುದು ಶಿಮ್‌ನಲ್ಲಿ, ಅಂದರೆ ಬಿಗಿ ಹೊಂದಿಸಲು ನಡುವೆ ಇಡುವ ತೆಳು ಬಿಲ್ಲೆಯಲ್ಲಿ. ಹಳೆ ಶಿಮ್ಮನ್ನೇ ಹಾಗೇ ಇಟ್ಟು ಬೋಲ್ಟ್ ಬಿಗಿದರೆ ಹೊಸ ಬೇರಿಂಗೂ ಸಡಿಲವಾಗೇ ಕೂರಬಹುದು. ಮುಚ್ಚಳದ ಸೀಲ್ ಬಿಚ್ಚಿಟ್ಟು, ನಕಲ್‌ನ (ಆಕ್ಸಲ್ ತುದಿಯಲ್ಲಿ ಚಕ್ರದ ಜೊತೆ ತಿರುಗುವ ಭಾಗದ) ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಹಾಕಿ ಎಳೆಯಿರಿ. ಒಂದರಿಂದ ಎರಡು ಕಿಲೋ ಒಳಗಿನ ಎಳೆತಕ್ಕೆ ನಕಲ್ ತಿರುಗಲು ಶುರುವಾಗಬೇಕು. ಮುಟ್ಟಿದರೆ ಸಾಕು ತಿರುಗುವಂತಿದ್ದರೆ ಶಿಮ್ ತೆಗೆಯಿರಿ, ಬಿಗಿಯಾಗಿದ್ದರೆ ಸೇರಿಸಿ. ತಕ್ಕಡಿ ಇಲ್ಲದೆ ಕೈಯಂದಾಜಿಗೆ ಮಾಡುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ನಕಲ್ ಬಿಚ್ಚಿದಾಗ ಒಳಗಿನ ಗ್ರೀಸ್ ನೋಡಿ. ನೀರಾಗಿ ಕಪ್ಪು ಎಣ್ಣೆಯಂತಿದ್ದರೆ ಆಕ್ಸಲ್‌ನ ಒಳ ಸೀಲ್ ಹೋಗಿ ಕ್ರೌನಿನ (ಆಕ್ಸಲ್ ನಡುವಿನ ಗೇರಿನ) ಆಯಿಲ್ ಅಲ್ಲಿಗೆ ಬಂದಿದೆ. ಸೀಲ್ ಹಾಕುವ ಮೊದಲು ಹೌಸಿಂಗ್ ಮೇಲಿನ ಬ್ರೀದರ್ ಸ್ವಚ್ಛ ಮಾಡಿ. ಅದು ಕೆಸರಿನಿಂದ ಮುಚ್ಚಿಕೊಂಡರೆ, ಬಿಸಿಯಾದ ಗಾಳಿಗೆ ದಾರಿ ಸಿಗದೆ ಹೊಸ ಸೀಲನ್ನೂ ದಾಟಿ ಆಯಿಲ್ ಹೊರಗೆ ತಳ್ಳುತ್ತದೆ. ಹಿಂದಿನ ಬ್ರೇಕ್ ಶೂ ಪದೇಪದೇ ಎಣ್ಣೆಯಲ್ಲಿ ನೆನೆಯಲು ಬಹಳ ಸಲ ಇದೇ ಕಾರಣ.

ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಲ್ಲ. ಬೇರೆಯಾಗಿ ಮೂರು ರಬ್ಬರ್ ಮೌಂಟಿನಲ್ಲಿ ಚಾಸಿಗೆ ತೂಗಿದೆ. ರಬ್ಬರ್ ಹರಿದರೆ ಕ್ಲಚ್ ಬಿಟ್ಟಾಗ ದಡ್ ಅನ್ನುತ್ತದೆ, ಇಳಿಜಾರಿನಲ್ಲಿ ಫೋರ್ ಬೈ ಫೋರ್ ಲಿವರ್ ತಾನೇ ಜಾರುತ್ತದೆ. ‘ಟ್ರಾನ್ಸ್‌ಫರ್ ಬಿಚ್ಚಬೇಕು’ ಅನ್ನುವ ಮೆಕ್ಯಾನಿಕ್ಕಿಗೆ ಮೊದಲು ಆ ಮೂರು ರಬ್ಬರು, ಮೂರು ಶಾಫ್ಟಿನ ಕ್ರಾಸ್ (ತುದಿಯ ಕೀಲು) ನೋಡಲು ಹೇಳಿ. ಪರೀಕ್ಷಿಸುವಾಗ ಮಣ್ಣುದಾರಿಯಲ್ಲೇ ಫೋರ್ ಬೈ ಫೋರ್ ಹಾಕಿ, ಟಾರ್ ಮೇಲೆ ಬೇಡ. ಮುಂದಿನ, ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಮಧ್ಯೆ ಇಲ್ಲದ್ದರಿಂದ ತಿರುವಿನಲ್ಲಿ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಮುಂದಿನಿಂದ ಟಕ್ ಟಕ್ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಸವೆದಿದೆ.

ಎಂಜಿನ್‌ಗೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಸಾಕು. ಕಿಂಗ್‌ನ 1.3 ಎಂಜಿನ್‌ನಲ್ಲಿ 199 ಪಿಎಸ್‌ಐ ಆಸುಪಾಸು ಇದ್ದರೆ ಹೊಸದರಂತೆ. 170ಕ್ಕಿಂತ ಕಡಿಮೆ ಬಂದರೆ, ಅಥವಾ ಸಿಲಿಂಡರುಗಳ ನಡುವೆ 14ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚುವ ಕೆಲಸ ಇದೆ ಎಂದು ಬೆಲೆ ಇಳಿಸಿ. ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಯಲ್ಲಿ ನೀರಿನ ದಾರಿಗಳು ಕೊರೆದು ಹೋಗಿರುತ್ತವೆ; ರೇಡಿಯೇಟರ್ ಮುಚ್ಚಳದಡಿ ಕಂದು ಕೆಸರು ಕಂಡರೆ ಅದೇ ಗುರುತು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದು ಕಾಗದ ತೋರಿಸದಿದ್ದರೆ ಹಾಕಿಲ್ಲ ಎಂದೇ ತಿಳಿಯಿರಿ. ಎಂಪಿಎಫ್ಐನಲ್ಲಿ ಇಲಿ ಕಡಿದ ವೈರಿಂಗ್, ತುಕ್ಕು ಹಿಡಿದ ಟ್ಯಾಂಕ್ ಎರಡನ್ನೂ ನೋಡಿ. ಟ್ಯಾಂಕ್ ತೊಳೆಯದೆ ಹೊಸ ಪೆಟ್ರೋಲ್ ಪಂಪ್ ಹಾಕಿದರೆ ಅದೂ ಬೇಗ ಕೆಡುತ್ತದೆ.

ಕೊಂಡ ಮೇಲಿನ ಕೆಲಸದಲ್ಲಿ ಚಾಸಿಯಿಂದ ಬಾಡಿ ಎತ್ತಿ ಸರಿಮಾಡುವುದೇ ದೊಡ್ಡದು. ಟಿಂಕರಿಂಗ್ ಮತ್ತು ಪೇಂಟಿನ ಬಿಲ್ಲು ಉಳಿದ ಮೆಕ್ಯಾನಿಕಲ್ ಕೆಲಸಗಳ ಬಿಲ್ಲನ್ನು ದಾಟುವುದು ಸಹಜ. ಮೌಂಟಿನ ಬೋಲ್ಟುಗಳು ಬಿಚ್ಚುವುದಿಲ್ಲ; ಒದ್ದಾಡಿ ಚಾಸಿಯ ನಟ್ಟು ಕೀಳುವ ಬದಲು ಕತ್ತರಿಸಿ. ಚಾಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಬಾಡಿ ತಗಡಿಗೆ ಬೇಡ, ತೆಳು ತಗಡು ಮರಳಿನ ಹೊಡೆತಕ್ಕೆ ಅಲೆಯಲೆಯಾಗುತ್ತದೆ. ಬ್ಲಾಸ್ಟ್ ಆದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು, ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಪೌಡರ್ ಕೋಟಿಂಗ್ ನನಗೆ ಒಪ್ಪಿಗೆಯಿಲ್ಲ: ಕಲ್ಲು ಹೊಡೆದು ಒಂದು ಕಡೆ ಬಿರುಕು ಬಿಟ್ಟರೆ ನೀರು ಪದರದ ಕೆಳಗೇ ಹರಿದು ಕಾಣದಂತೆ ತಿನ್ನುತ್ತದೆ. ಚಾಸಿಯ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಹೊಡೆಸಿ. ಬಹಳ ಗ್ಯಾರೇಜಿನವರು ಇದನ್ನು ಬಿಟ್ಟೇಬಿಡುತ್ತಾರೆ. ತುಕ್ಕಿನ ಮೇಲೆ ತಗಡು ತೇಪೆ ಹಾಕಲು ಬಿಡಬೇಡಿ. ತಿಂದಷ್ಟನ್ನು ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ಮಿಗ್ ವೆಲ್ಡಿಂಗ್ ಮಾಡಿಸಿ. ವೆಲ್ಡಿಂಗಿಗೆ ಮೊದಲು ಟ್ಯಾಂಕ್ ಕೆಳಗಿಳಿಸಿ, ಬ್ಯಾಟರಿ ತೆಗೆಯಿರಿ. ಎಂಪಿಎಫ್ಐ ಆದರೆ ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ) ಸಾಕೆಟ್ಟನ್ನೂ ಬಿಚ್ಚಿಡಿ.

ಬಿಡಿಭಾಗಗಳ ಚಿಂತೆ ಇಲ್ಲ. ಸೇನೆ ಈ ಗಾಡಿ ಬಳಸುತ್ತಿರುವ ತನಕ ಮೆಕ್ಯಾನಿಕಲ್ ಭಾಗಗಳು ಸಿಗುತ್ತಿರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಹಳೆ ಭಾಗಗಳಿಗೆ ಶಿವಾಜಿನಗರದ ಗುಜರಿ, ಅಲ್ಲೂ ಸಿಗದಿದ್ದರೆ ದಿಲ್ಲಿಯ ಕಾಶ್ಮೀರಿ ಗೇಟ್. ಕಷ್ಟವಾಗುವುದು ಹಳೆ 410ರ ಒಳಗಿನ ಪ್ಲಾಸ್ಟಿಕ್, ಮೀಟರ್, ಮೂಲ ಗ್ರಿಲ್ಲು. ಇವು ಇಲ್ಲದ ಗಾಡಿಯ ಬೆಲೆಯನ್ನು ಜಗ್ಗಿ ಇಳಿಸಿ.

ಟೈರು 215/75 ಆರ್15 ತನಕ ಸ್ಪ್ರಿಂಗ್ ಎತ್ತರಿಸದೆ ಕೂರುತ್ತದೆ. 235 ಹಾಕಿದರೆ ಗಾಡಿ ಎತ್ತಬೇಕು, ಗೇರು ಭಾರವಾಗುತ್ತದೆ, ಪೂರ್ತಿ ತಿರುಗಿಸಿ ರಿವರ್ಸ್ ಹಾಕಿದಾಗ ಆಕ್ಸಲ್ ಜಾಯಿಂಟ್ ಮುರಿಯುವ ಅಪಾಯವೂ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದ ಮೇಲೆ ಆರ್‌ಟಿಒ ಕಣ್ಣೂ ಇದರ ಮೇಲಿದೆ.

ಜೋಡಿಸುವಾಗ ಸ್ಪ್ರಿಂಗ್ ಬುಷ್ಷಿನ ನಟ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಿ. ಜಾಕಿ ಮೇಲಿರುವಾಗ ಬಿಗಿದರೆ ರಬ್ಬರ್ ತಿರುಚಿ ಬೇಗ ಹರಿಯುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ 1.3 ಲೀಟರ್, ಟ್ರಾನ್ಸ್‌ಫರ್‌ಗೆ 0.8, ಮುಂದಿನ ಕ್ರೌನಿಗೆ 2, ಹಿಂದಿನದಕ್ಕೆ 1.5 ಲೀಟರ್ ಜಿಎಲ್-5. ಇದು ಐದು ಗೇರಿನ ಕಿಂಗ್‌ನ ಲೆಕ್ಕ. ಕ್ರೌನಿನ ಆಯಿಲನ್ನೇ ಗೇರ್‌ಬಾಕ್ಸಿಗೂ ಸುರಿದರೆ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಳ್ಳೆಯದಲ್ಲ. ಮೊದಲ 500 ಕಿ.ಮೀ. ಆದ ಮೇಲೆ ನಾಲ್ಕೂ ಕಡೆಯ ಆಯಿಲ್ ಇಳಿಸಿ ಲೋಹದ ಚೂರು ಇದೆಯೇ ನೋಡಿ, ಯು-ಬೋಲ್ಟ್ ಮತ್ತೆ ಬಿಗಿಯಿರಿ, ಮುಂದಿನ ಚಕ್ರ ಇನ್ನೊಮ್ಮೆ ಜಾಕಿಗೆತ್ತಿ ಕಿಂಗ್‌ಪಿನ್ ಪ್ಲೇ ಪರೀಕ್ಷಿಸಿ. ಹೊಸ ಬೇರಿಂಗ್ ಕೂತ ಮೇಲೆ ತುಸು ಸಡಿಲವಾಗಿರುತ್ತದೆ. ಒಂದು ತೆಳು ಶಿಮ್ ತೆಗೆದರೆ ಸಾಕು.