ಕಪ್ ಫೈನಲ್‌ಗೆ ಎಲ್‌ಇಡಿ ವಾಲ್ ಬಾಡಿಗೆ: ಮೈಸೂರಿನ ಪ್ಯಾಕೇಜ್ ಎಷ್ಟು ಸರಿ, ಏನನ್ನು ಕೇಳಿ ಪಡೆಯಬೇಕು

ಮೈಸೂರಿನಲ್ಲಿ ಶಾಮಿಯಾನ, ಸೌಂಡ್ಸ್ ಬಾಡಿಗೆಗೆ ಕೊಡುವ ಬಹಳಷ್ಟು ಅಂಗಡಿಗಳು ಈಗ ಎಲ್‌ಇಡಿ ವಾಲ್ ಕೂಡ ಇಟ್ಟುಕೊಂಡಿವೆ. ಆರತಕ್ಷತೆ, ಗಣೇಶನ ಪೆಂಡಾಲು, ದಸರಾ ಕಾರ್ಯಕ್ರಮ ಎಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅದೇ ಸಾಮಾನು, ಅದೇ ಹುಡುಗರು ಬಡಾವಣೆಯ ಮೈದಾನಕ್ಕೆ ಬಂದು ಫುಟ್ಬಾಲ್ ಕಪ್ ಫೈನಲ್ ತೋರಿಸಿದರೆ ಹೇಗಿರುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಅಂಗಡಿಯ ಹೆಸರು ಬೇಡ. ಸಾಮಾನ್ಯವಾಗಿ ಸಿಗುವ ಪ್ಯಾಕೇಜ್ ಹೀಗಿರುತ್ತದೆ: 4 ಮೀಟರ್ ಅಗಲ, 2.5 ಮೀಟರ್ ಎತ್ತರದ ಪಿ3.9 ವಾಲ್, ಚಿತ್ರವನ್ನು ವಾಲ್ ಅಳತೆಗೆ ಹೊಂದಿಸುವ ಒಂದು ವಿಡಿಯೋ ಪ್ರೊಸೆಸರ್, ಎರಡು ಟಾಪ್, ಎರಡು ಬೇಸ್ ಸ್ಪೀಕರ್, ಒಂದು ಕಾರ್ಡ್‌ಲೆಸ್ ಮೈಕ್, ಒಬ್ಬ ಆಪರೇಟರ್. ಬಾಡಿಗೆಯನ್ನು ಚದರಡಿ ಲೆಕ್ಕದಲ್ಲಿ ದಿನಕ್ಕಿಷ್ಟು ಅಂತ ಹಾಕುತ್ತಾರೆ. ಸಾಗಾಣಿಕೆ, ಜನರೇಟರ್, ಡೀಸೆಲ್ ಬೇರೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ವಾಲ್ ಚೆನ್ನಾಗಿದೆ, ಕಟ್ಟುವ ಹುಡುಗರು ಚುರುಕು. ಕೈಕೊಡುವುದು ವಾಲ್‌ಗೆ ಬರುವ ಸಿಗ್ನಲ್. ಮದುವೆ ವಿಡಿಯೋ ಎರಡು ಸೆಕೆಂಡ್ ನಿಂತರೆ ಯಾರೂ ಕೇಳುವುದಿಲ್ಲ. ಫೈನಲ್‌ನಲ್ಲಿ ಆ ಎರಡು ಸೆಕೆಂಡಿನಲ್ಲೇ ಗೋಲಾಗಿರುತ್ತದೆ.

ಮೊದಲು ವಾಲ್ ನೋಡೋಣ. ಪಿ3.9 ಎಂದರೆ ಒಂದು ದೀಪದಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್ ಅಂತರ. ಅರ್ಧ ಮೀಟರ್ ಉದ್ದಗಲದ ಒಂದು ಕ್ಯಾಬಿನೆಟ್‌ನಲ್ಲಿ 128 ಅಡ್ಡ, 128 ಉದ್ದ ಪಿಕ್ಸೆಲ್ ಇರುತ್ತವೆ. ಅಂಥ 40 ಕ್ಯಾಬಿನೆಟ್ ಜೋಡಿಸಿದರೆ 1024 × 640. ಈಗ ಆಟದ ಲೆಕ್ಕ ಹಾಕಿ. ಮುಖ್ಯ ಕ್ಯಾಮೆರಾ ಒಮ್ಮೆಗೆ ಮೈದಾನದ ಸುಮಾರು 55 ಮೀಟರ್ ತೋರಿಸುತ್ತಿದೆ ಎನ್ನಿ. ನಿಯಮದ ಪ್ರಕಾರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಅಂದರೆ ಅಡ್ಡಗಲ 22 ಸೆಂಟಿಮೀಟರ್. ವಾಲ್ ಮೇಲೆ ಆ ಚೆಂಡಿಗೆ ಸಿಗುವುದು ನಾಲ್ಕು ಪಿಕ್ಸೆಲ್. ಹಸಿರಿನ ಮೇಲೆ ನಾಲ್ಕು ಬಿಳಿ ಚುಕ್ಕೆ ಕಣ್ಣಿಗೆ ಸಾಕು. ಇದೇ ಅಳತೆಯ ಪಿ6 ವಾಲ್ ಆದರೆ ಅದು ಮೂರಕ್ಕಿಂತ ಕಡಿಮೆಯಾಗಿ, ಲಾಂಗ್ ಪಾಸ್ ಗಾಳಿಯಲ್ಲಿರುವಾಗ ಪ್ರೇಕ್ಷಕರ ಗ್ಯಾಲರಿಯ ಬಣ್ಣದಲ್ಲಿ ಚೆಂಡು ಕಳೆದೇಹೋಗುತ್ತದೆ. ಮದುಮಕ್ಕಳ ಮುಖಕ್ಕೆ ಪಿ6 ಧಾರಾಳ, ಫುಟ್ಬಾಲ್‌ಗೆ ಆಗದು. ರೇಟು ಕಡಿಮೆ ಎಂದು ಪಿ6ಗೆ ಒಪ್ಪಿಕೊಳ್ಳಬೇಡಿ. ಮುಂದಿನ ಸಾಲಿನ ಕುರ್ಚಿ ವಾಲ್‌ನಿಂದ ಕನಿಷ್ಠ 4 ಮೀಟರ್ ದೂರ ಇರಲಿ. 8 ಮೀಟರ್ ಆಚೆಗೆ ಚಿತ್ರ ಹದವಾಗಿ ಕೂಡಿಕೊಳ್ಳುತ್ತದೆ.

ಅಳತೆಯಲ್ಲಿ ಇನ್ನೊಂದು ತೊಡಕಿದೆ. ಟಿವಿ ಚಿತ್ರ 16:9, ಈ ವಾಲ್ 16:10. ಸರಿಯಾಗಿ ಕೂರಿಸಿದರೆ ಮೇಲೆ 32, ಕೆಳಗೆ 32 ಸಾಲು ಕಪ್ಪಾಗಿ ಉಳಿಯಬೇಕು. ಕಪ್ಪು ಪಟ್ಟಿ ಕಂಡರೆ ಗಿರಾಕಿ ಬೈಯುತ್ತಾರೆ ಎಂದು ಆಪರೇಟರ್ ಎರಡರಲ್ಲೊಂದು ಮಾಡುತ್ತಾನೆ. ಒಂದು, ಚಿತ್ರವನ್ನು ಮೇಲಕ್ಕೆ ಎಳೆಯುತ್ತಾನೆ. ಆಗ ಆಟಗಾರರು ಉದ್ದವಾಗುತ್ತಾರೆ, ಚೆಂಡು ಮೊಟ್ಟೆಯಾಗುತ್ತದೆ. ಎರಡು, ಎತ್ತರಕ್ಕೆ ಹೊಂದಿಸಿ ಎರಡೂ ಪಕ್ಕ ಕತ್ತರಿಸುತ್ತಾನೆ. ಆಗ ಮೇಲಿನ ಎಡಮೂಲೆಯ ಸ್ಕೋರು, ಗಡಿಯಾರಕ್ಕೇ ಕತ್ತರಿ ಬೀಳುತ್ತದೆ. ಇಂಗ್ಲೆಂಡಿನ 2025ರ ಎಫ್‌ಎ ಕಪ್ ಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನ ಈಜೆ 16ನೇ ನಿಮಿಷದಲ್ಲೇ ಗೋಲು ಹೊಡೆದರು. ಮ್ಯಾಂಚೆಸ್ಟರ್ ಸಿಟಿಯ ಪೆನಾಲ್ಟಿಯನ್ನು ಹೆಂಡರ್ಸನ್ ತಡೆದರು. ಉಳಿದ ಹೊತ್ತೆಲ್ಲ ನೋಡುವವರ ಕಣ್ಣು ಗಡಿಯಾರದ ಮೇಲೆ. ಅಂಥ ಪಂದ್ಯದಲ್ಲಿ ಗಡಿಯಾರವೇ ಇಲ್ಲದಿದ್ದರೆ ವಾಲ್ ತಂದೂ ದಂಡ. "ಕಪ್ಪು ಪಟ್ಟಿ ಇದ್ದರೆ ಇರಲಿ, ಚಿತ್ರ ಎಳೀಬೇಡಿ, ಕಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಪರೀಕ್ಷೆಗೆ ಮೈದಾನದ ನಡುವಿನ ವೃತ್ತ ನೋಡಬೇಡಿ, ಕ್ಯಾಮೆರಾ ಕೋನಕ್ಕೆ ಅದು ಯಾವಾಗಲೂ ಚಪ್ಪಟೆಯಾಗೇ ಕಾಣುತ್ತದೆ. ಚಾನೆಲ್‌ನ ಲೋಗೋ ಪೂರ್ತಿ ಇದೆಯೇ, ಕ್ಲೋಸಪ್‌ನಲ್ಲಿ ಚೆಂಡು ದುಂಡಗಿದೆಯೇ ನೋಡಿ.

ಬೆಳಕು. ಹೊರಾಂಗಣದ ಪ್ಯಾನೆಲ್ ಹಗಲಿಗಾಗಿ ಮಾಡಿದ್ದು, ರಾತ್ರಿ ಅದನ್ನು ಪೂರ್ತಿ ಬಿಟ್ಟರೆ ಕಣ್ಣು ಉರಿಯುತ್ತದೆ. ನೂರಕ್ಕೆ 20–30ಕ್ಕೆ ಇಳಿಸಿಕೊಳ್ಳಿ. ಒಳಾಂಗಣದ ಪ್ಯಾನೆಲ್ ತಂದು ಹೊರಗೆ ಕಟ್ಟುವವರೂ ಇದ್ದಾರೆ. ರಾತ್ರಿ ಚಿತ್ರ ಚೆನ್ನಾಗೇ ಕಾಣುತ್ತದೆ, ಆದರೆ ಮೇ ತಿಂಗಳ ಸಂಜೆ ಮೈಸೂರಿನಲ್ಲಿ ಗುಡುಗು ಮಳೆ ಬಂದರೆ ಆಟ ಮುಗಿದಂತೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಹೊರಾಂಗಣದ್ದರಲ್ಲಿ ದೀಪಗಳ ಸಾಲಿನ ಮೇಲೆ ಪುಟ್ಟ ಸೂರಿನಂಥ ಅಂಚು, ನಡುವೆ ಅಂಟು ತುಂಬಿರುತ್ತದೆ, ಒಳಾಂಗಣದ್ದು ನುಣ್ಣಗೆ ಬಯಲಾಗಿರುತ್ತದೆ. ಹಿಂಭಾಗದ ಕೇಬಲ್ ಕನೆಕ್ಟರುಗಳಿಗೂ ಮುಚ್ಚಳ ಇರಬೇಕು.

ಇನ್ನು ಸಿಗ್ನಲ್. ಈ ಪ್ಯಾಕೇಜ್‌ನ ಬಡಕಲು ಭಾಗವೇ ಇದು. ಆಪರೇಟರ್ ಒಂದು ಲ್ಯಾಪ್‌ಟಾಪ್ ತರುತ್ತಾನೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆ್ಯಪ್ ತೆರೆಯುತ್ತಾನೆ. ಮೂರು ಕಡೆ ತೊಂದರೆ. ಆ್ಯಪ್‌ಗಳ ಚಿತ್ರಕ್ಕೆ ನಕಲು ತಡೆಯುವ ಎಚ್‌ಡಿಸಿಪಿ ಬೀಗ ಇರುತ್ತದೆ. ಪ್ರೊಸೆಸರ್ ಅದನ್ನು ಒಪ್ಪದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಪಂದ್ಯ, ವಾಲ್ ಮೇಲೆ ಬರೀ ಕಪ್ಪು. ಯೂಟ್ಯೂಬ್ ವಿಡಿಯೋ ಹಾಕಿ "ಬಂತಲ್ಲ ಸಾರ್" ಎಂದರೆ ಅದು ಪರೀಕ್ಷೆಯಲ್ಲ. ಫೈನಲ್ ಬರುವ ಆ್ಯಪ್‌ನಲ್ಲೇ, ಅದೇ ಲಾಗಿನ್‌ನಲ್ಲೇ, ಯಾವುದಾದರೂ ನೇರಪ್ರಸಾರ ಹಾಕಿಸಿ ನೋಡಬೇಕು. ಎರಡನೆಯದು ತಡ. ಡಿಶ್ ಸೆಟ್‌ಟಾಪ್ ಬಾಕ್ಸ್‌ಗಿಂತ ಸ್ಟ್ರೀಮ್ ಸಾಮಾನ್ಯವಾಗಿ 20–40 ಸೆಕೆಂಡ್ ಹಿಂದೆ ಇರುತ್ತದೆ. ಪಕ್ಕದ ಮನೆಯಲ್ಲಿ ಟಿವಿ ಇದ್ದರೆ ಗೋಲಿನ ಕೂಗು ಮೊದಲು, ಗೋಲು ಆಮೇಲೆ. ಮೂರನೆಯದು ಹಾಟ್‌ಸ್ಪಾಟೇ. ಇನ್ನೂರು ಜನ ಒಂದೇ ಮೈದಾನದಲ್ಲಿ ಸೇರಿ ಎಲ್ಲರೂ ಮೊಬೈಲ್ ತೆಗೆದಾಗ ಅದೇ ಟವರ್ ಬಳಲುತ್ತದೆ. ಸಂಜೆ ಐದಕ್ಕೆ ಪರೀಕ್ಷಿಸಿದಾಗ ಹರಿಯುತ್ತಿದ್ದ ಚಿತ್ರ ಎಂಟೂವರೆಗೆ ಸುತ್ತತೊಡಗುವುದು ಇದಕ್ಕೇ.

ಪರಿಹಾರ ದುಬಾರಿಯಲ್ಲ. ಪಂದ್ಯ ಟಿವಿ ಚಾನೆಲ್‌ನಲ್ಲಿ ಬರುವುದಾದರೆ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಮೊದಲ ಆಯ್ಕೆ, ಸ್ಟ್ರೀಮ್ ಬದಲಿ. ಎರಡನ್ನೂ ಪ್ರೊಸೆಸರ್‌ನ ಎರಡು ಇನ್‌ಪುಟ್‌ಗೆ ಹಾಕಿಟ್ಟು ಒಂದೇ ಗುಂಡಿಯಲ್ಲಿ ಬದಲಿಸುವಂತಿರಬೇಕು. ಸ್ಟ್ರೀಮ್ ಮಾತ್ರ ಇರುವ ಪಂದ್ಯಕ್ಕೆ ಹತ್ತಿರದ ಮನೆಯ ಫೈಬರ್ ಬ್ರಾಡ್‌ಬ್ಯಾಂಡ್‌ನಿಂದ ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್‌ವರೆಗೆ ಅದಕ್ಕೆ ತೊಂದರೆಯಿಲ್ಲ. ಎಚ್‌ಡಿಎಂಐ ಹಾಗಲ್ಲ, 10–15 ಮೀಟರ್ ದಾಟಿದರೆ ಚಿತ್ರ ಮಿಣುಕಲು ಶುರು. ಉದ್ದ ಬೇಕಿದ್ದರೆ ಎಕ್ಸ್‌ಟೆಂಡರ್ ಕೇಳಿ. ನಮ್ಮ ಟಿವಿ ಪ್ರಸಾರ 50 ಹರ್ಟ್ಸ್‌ನದು, ಲ್ಯಾಪ್‌ಟಾಪ್ ಸಾಮಾನ್ಯವಾಗಿ 60ರಲ್ಲಿರುತ್ತದೆ. ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗ ಚಿತ್ರ ಕುಂಟಿದಂತೆ ಕಂಡರೆ ಕಾರಣ ಅದೇ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50ಕ್ಕೆ ಬದಲಿಸಿದರೆ ನೇರವಾಗುತ್ತದೆ. ಇದನ್ನು ತಾನಾಗಿ ಮಾಡುವ ಆಪರೇಟರ್ ಸಿಕ್ಕರೆ ಅವರ ನಂಬರ್ ಬಿಡಬೇಡಿ.

ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 2024ರ ಡಿಸೆಂಬರ್ 31ರಂದು ಹೈದರಾಬಾದ್‌ನ ಫೈನಲ್‌ನಲ್ಲಿ ಕೇರಳದ ವಿರುದ್ಧ ಪಶ್ಚಿಮ ಬಂಗಾಳದ ರಾಬಿ ಹನ್ಸ್‌ದಾ ಗೋಲು ಹೊಡೆದದ್ದು 90 ನಿಮಿಷ ಮುಗಿದು, ಆಟ ನಿಂತಿದ್ದ ಹೊತ್ತಿಗೆ ರೆಫರಿ ಸೇರಿಸಿದ ನಿಮಿಷಗಳು ಓಡುತ್ತಿದ್ದಾಗ. ಆ ಹೊತ್ತಿಗೆ ಸ್ಟ್ರೀಮ್ ನಿಂತಿದ್ದರೆ ಇಡೀ ಸಂಜೆ ನೀರಿನಲ್ಲಿ ಹೋಮ. ನಮ್ಮವರಿಗೂ ಈ ಕಪ್ ಬೇರೆಯಲ್ಲ: 1968–69ರಲ್ಲಿ ತಂಡದ ಹೆಸರು ಮೈಸೂರು ಎಂದೇ ಇದ್ದಾಗ ಗೆದ್ದದ್ದು, ಆಮೇಲೆ ಕರ್ನಾಟಕಕ್ಕೆ ಕಪ್ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಮುಂದಿನ ಸಲ ಕರ್ನಾಟಕ ಫೈನಲ್‌ಗೆ ಬಂದಾಗ ಮೈಸೂರಿನಲ್ಲಿ ದೊಡ್ಡ ಪರದೆ ಏಳಲೇಬೇಕು, ಅದೂ ನಿಲ್ಲದೆ ಓಡಬೇಕು.

ಕರೆಂಟ್ ವಿಷಯದಲ್ಲಿ ಪ್ಯಾಕೇಜ್ ಪರವಾಗಿಲ್ಲ. 40 ಕ್ಯಾಬಿನೆಟ್ ಪೂರ್ತಿ ಬಿಳಿ ಬೆಳಕಿನಲ್ಲಿ ಸುಮಾರು 6 ಕಿಲೋವ್ಯಾಟ್, ಅಂದರೆ 26 ಆಂಪಿಯರ್ ಎಳೆಯುತ್ತವೆ. ರಾತ್ರಿ ಇಳಿಸಿದ ಬೆಳಕಿನಲ್ಲಿ ತುಂಬ ಕಡಿಮೆ. ಸೌಂಡ್ ಸೇರಿಸಿದರೂ 10 ಕೆವಿಎ ಜನರೇಟರ್ ಸಾಕು, 25ರದ್ದು ಕಳಿಸಿ ಡೀಸೆಲ್ ಬಿಲ್ ಹಾಕಿದರೆ ಪ್ರಶ್ನಿಸಿ. ಆದರೆ ಯಾರೂ ತಾನಾಗಿ ಕೊಡದ ಒಂದು ವಸ್ತು ಇದೆ: ಸಣ್ಣ ಯುಪಿಎಸ್. ಸೆಸ್ಕ್ (ವಿದ್ಯುತ್ ಕಂಪನಿ) ಲೈನ್ ಹೋಗಿ ಜನರೇಟರ್ ಹಿಡಿದಾಗ ವಾಲ್ ತಕ್ಷಣ ಹತ್ತಿಕೊಳ್ಳುತ್ತದೆ, ಆದರೆ ಸೆಟ್‌ಟಾಪ್ ಬಾಕ್ಸ್ ಮತ್ತೆ ಮೇಲೇಳಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಪ್ರೊಸೆಸರ್, ಬಾಕ್ಸ್, ರೌಟರ್ ಮೂರನ್ನೂ ಕಂಪ್ಯೂಟರ್‌ಗೆ ಹಾಕುವ ಮಾಮೂಲಿ ಯುಪಿಎಸ್‌ಗೆ ಕೊಟ್ಟರೆ ಮುಗಿಯಿತು. ವಾಲ್ ಹೊರುವ ಕಬ್ಬಿಣದ ಟ್ರಸ್‌ಗೆ ಅರ್ಥಿಂಗ್, ಲೈನಿಗೆ ಶಾಕ್ ತಡೆಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಕಟ್ಟಲು ಬಿಡಲೇಬೇಡಿ. ಒದ್ದೆ ನೆಲ, ಸುತ್ತ ಮಕ್ಕಳು. ವಾಲ್‌ನ ತಳ ನೆಲದಿಂದ 4–5 ಅಡಿ ಮೇಲಿರಲಿ, ಟ್ರಸ್ ಕಾಲುಗಳ ಮೇಲೆ ಮರಳು ಮೂಟೆ ಇರಲಿ.

ಸಮಯದ ಷರತ್ತಿನಲ್ಲಿ ಜಗಳ ಖಾತ್ರಿ. ‘ಒಂದು ದಿನ’ದ ಬಾಡಿಗೆ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಬಿಲ್ ಮೇಲೆ ಬರೆಸಿಕೊಳ್ಳಿ. ಮಾಮೂಲಿ ಪಂದ್ಯ ವಿರಾಮ ಸೇರಿ ಎರಡು ಗಂಟೆ. 30 ನಿಮಿಷದ ಹೆಚ್ಚುವರಿ ಆಟ, ಪೆನಾಲ್ಟಿ ಬಂದರೆ ಮೂರು ಗಂಟೆಯ ಹತ್ತಿರ. ಕಪ್ ಎತ್ತುವುದನ್ನು ನೋಡದೆ ಯಾರೂ ಏಳುವುದಿಲ್ಲ, ಅದಕ್ಕೆ ಇನ್ನರ್ಧ ಗಂಟೆ. ನಮ್ಮ ದೇಶದ ಡ್ಯುರಾಂಡ್ ಕಪ್ ಆದರೆ ಲೆಕ್ಕ ಸುಲಭ. 2024ರ ಫೈನಲ್ 2–2ರಲ್ಲಿ ನಿಂತಾಗ ಹೆಚ್ಚುವರಿ ಆಟವಿಲ್ಲದೆ ನೇರ ಪೆನಾಲ್ಟಿಗೆ ಹೋಗಿ ನಾರ್ತ್ಈಸ್ಟ್ ಯುನೈಟೆಡ್ ಮೋಹನ್ ಬಾಗಾನ್ ಅನ್ನು ಸೋಲಿಸಿತು. ಸ್ಪೇನಿನ ಕಪ್ ಕೋಪಾ ಡೆಲ್ ರೇಯ 2025ರ ಫೈನಲ್ ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ ಶುರುವಾಯಿತು. ಅದು ಹೆಚ್ಚುವರಿ ಆಟಕ್ಕೂ ಹೋಯಿತು. ಅಂಥದ್ದಕ್ಕೆ ಮನೆಯ ಟಿವಿಯೇ ಸರಿ.

ಧ್ವನಿವರ್ಧಕದ ಮಾತು ಮರೆಯುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸ್ಪೀಕರ್ ಹಾಕುವಂತಿಲ್ಲ, ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. 2025ರ ಎಫ್‌ಎ ಕಪ್ ಫೈನಲ್ ನಮ್ಮ 9 ಗಂಟೆಗೆ ಶುರುವಾಯಿತು. ಎರಡನೇ ಅರ್ಧಕ್ಕೆ 10 ದಾಟಿತ್ತು. ಹಿಂದಿನ ವರ್ಷ ಅದೇ ಫೈನಲ್ ಏಳೂವರೆಗಿತ್ತು. ಹಾಗಾಗಿ ಸಮಯ ಪ್ರಕಟವಾದ ಮೇಲೆ ಜಾಗ ಗೊತ್ತುಮಾಡಿ. ಏಳೂವರೆಯದ್ದಕ್ಕೆ ಮೈದಾನ, ಒಂಬತ್ತರದ್ದಕ್ಕೆ ಬಾಗಿಲು ಹಾಕಿದ ಸಮುದಾಯ ಭವನ. ಭವನದೊಳಗೆ ನೂರು ಜನಕ್ಕೆ ವಾಲ್ ಬೇಕಾಗಿಯೂ ಇಲ್ಲ. ದೀಪ ಆರಿಸಿ 5000 ಲೂಮೆನ್‌ನ ಪ್ರೊಜೆಕ್ಟರ್, 10 ಅಡಿ ಪರದೆ ಸಾಕು, ಖರ್ಚೂ ಕಡಿಮೆ.

ಬುಕಿಂಗ್‌ನಲ್ಲಿ ಡ್ಯುರಾಂಡ್‌ಗೆ ಮಾತ್ರ ಅವಸರ ಮಾಡಿ. 2025ರ ಫೈನಲ್ ಆಗಸ್ಟ್ 23ಕ್ಕೆ, ಗಣೇಶ ಚತುರ್ಥಿ 27ಕ್ಕೆ. 2024ರಲ್ಲೂ ಎರಡರ ನಡುವೆ ಒಂದೇ ವಾರ. ಆ ದಿನಗಳಲ್ಲಿ ಒಳ್ಳೆಯ ಪ್ಯಾನೆಲ್‌ಗಳೆಲ್ಲ ಪೆಂಡಾಲಿಗೆ ಹೋಗಿ, ಸತ್ತ ಪಿಕ್ಸೆಲ್‌ಗಳ ಹಳೆಯ ಸೆಟ್ ನಿಮ್ಮ ಪಾಲಿಗೆ ಬರುತ್ತದೆ. ಅಡ್ವಾನ್ಸ್ ಕೊಡುವಾಗಲೇ ಪಿ3.9, ಹೊರಾಂಗಣದ ಪ್ಯಾನೆಲ್, ಎರಡು ಇನ್‌ಪುಟ್, ಯುಪಿಎಸ್, ಮುಗಿಯುವ ಸಮಯ ಇಷ್ಟನ್ನೂ ರಸೀದಿಯಲ್ಲಿ ಬರೆಸಿ.

ಖರ್ಚು ಹೊಂದಿಸಲು ಟಿಕೆಟ್ ಇಡುವ ಆಲೋಚನೆ ಬೇಡ. ಹಣ ಪಡೆದು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದು ಪ್ರಸಾರಕರ ಅನುಮತಿಯಿಲ್ಲದೆ ಕೃತಿಸ್ವಾಮ್ಯ ಕಾಯ್ದೆಯ ಉಲ್ಲಂಘನೆ. ಉಚಿತವಾಗಿ ತೋರಿಸಿದರೂ ಮನೆಬಳಕೆಯ ಚಂದಾದ ಷರತ್ತು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಕಂಪನಿಗೆ ಬರೆದು ಸಾರ್ವಜನಿಕ ಪ್ರದರ್ಶನದ ಒಪ್ಪಿಗೆ ಕೇಳಿ; ಅದು ಕೈಗೆ ಬಂದ ಮೇಲೆ ಅಂಗಡಿಗೆ ಅಡ್ವಾನ್ಸ್ ಕೊಡಿ.