ವೆಂಡಿಂಗ್ ಮೆಷಿನ್ ನೋಡಲು ಹೋಗುವಾಗ ಕೈಯಲ್ಲಿ ಒಂದು ಚೀಲ ಇರಲಿ: ಶಿವಮೊಗ್ಗದಲ್ಲಿ ಎರಡು ಮಳೆಗಾಲ ಓಡಿಸಿದ ಮೇಲೆ

2023ರ ನವೆಂಬರ್‌ನಲ್ಲಿ ಮೊದಲ ವೆಂಡಿಂಗ್ ಮೆಷಿನ್ ತಂದೆ, ದುಡ್ಡು ಕಟ್ಟಿ ಒತ್ತಿದರೆ ತಾನೇ ಮಾಲು ಬೀಳಿಸುವಂಥದ್ದು. ಈಗ ಮೂರು ಇವೆ, ಇನ್ನೊಂದು ಇತ್ತು, ಮಾರಿಬಿಟ್ಟೆ. ಎರಡು ಮಳೆಗಾಲ ದಾಟಿದ ಮೇಲೇ ಬರೆಯೋಣ ಅಂತ ಸುಮ್ನಿದ್ದೆ. ಮಳೆಗಾಲ ಕಾಣದ ಮೆಷಿನ್ ಬಗ್ಗೆ ನಮ್ಮ ಕಡೆ ಅಭಿಪ್ರಾಯ ಕೇಳುವುದು ಅಂದರೆ, ನಿಶ್ಚಿತಾರ್ಥದ ದಿನವೇ ಸಂಸಾರ ಹೇಗಿದೆ ಅಂತ ಕೇಳಿದ ಹಾಗೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ನಿಮಗೆ ಬೇಕಾಗಿರುವುದು ಹೆಸರಲ್ಲ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೊದಲನೆಯದು ದೊಡ್ಡ ಟಚ್ ಸ್ಕ್ರೀನ್‌ದು. ತಿಂಡಿ ಮತ್ತು ತಂಪು ಪಾನೀಯ ಎರಡೂ ಒಂದರಲ್ಲೇ. 2,15,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 2,53,700. ಲಾರಿ ಬಾಡಿಗೆ ಬೇರೆ. ಬೆಂಗಳೂರಿನ ಶೋರೂಂನಲ್ಲಿ ಒಂದು ಕ್ಯಾನ್ ಒತ್ತಿ ತೋರಿಸಿದರು, ದಡ್ ಅಂತ ಬಿತ್ತು. ಒಂದು ಚಿಪ್ಸ್ ಒತ್ತಿದರು, ಅದೂ ಬಿತ್ತು. ಸ್ಕ್ರೀನ್ ಮೇಲೆ ಜಾಹೀರಾತು ಓಡಿಸಿ ತಿಂಗಳಿಗೆ ಇಷ್ಟು ಸಂಪಾದಿಸಬಹುದು ಸರ್ ಅಂದರು. ನಾನು ಅಡ್ವಾನ್ಸ್ ಕೊಟ್ಟು ಬಂದೆ. ಎರಡು ವರ್ಷದಲ್ಲಿ ಆ ಸ್ಕ್ರೀನ್ ಮೇಲೆ ಒಂದೇ ಒಂದು ಜಾಹೀರಾತು ಬಂದಿದೆ, ನನ್ನ ಭಾವನ ಟೈಲ್ಸ್ ಅಂಗಡಿಯದು, ಪುಕ್ಕಟೆ.

ಮೆಷಿನ್ ದುರ್ಗಿಗುಡಿ ಕಡೆಯ ಒಂದು ನರ್ಸಿಂಗ್ ಹೋಮಿನ ಕೆಳಗಿನ ಹಜಾರದಲ್ಲಿ ನಿಂತಿತು. ಮೊದಲ ದಿನವೇ ಗೊತ್ತಾಯಿತು ನಾನು ಮಾಡಿದ ತಪ್ಪು ಏನು ಅಂತ. ಶೋರೂಂನಲ್ಲಿ ಬಿದ್ದಿದ್ದು ಅವರ ಮಾಲು. ನಾನು ತುಂಬಿಸಿದ್ದು ನನ್ನ ಮಾಲು. ಕೋಡುಬಳೆ ಪ್ಯಾಕೆಟ್ ಇದೆಯಲ್ಲ, ಅದರೊಳಗೆ ಗಾಳಿ ಇಲ್ಲ, ಕೆಳಗೆ ಭಾರ, ಮೇಲೆ ಬರೀ ಖಾಲಿ ಪ್ಲಾಸ್ಟಿಕ್. ಪ್ರತಿ ಸಾಲಿನಲ್ಲೂ ಉದ್ದದ ಸುರುಳಿ ತಂತಿ, ಅಂದರೆ ಸ್ಪ್ರಿಂಗ್, ಇರುತ್ತದೆ, ಅದರ ಸುತ್ತುಗಳ ನಡುವೆ ಪ್ಯಾಕೆಟ್ ನಿಲ್ಲಿಸುತ್ತೇವೆ. ಒತ್ತಿದಾಗ ಸ್ಪ್ರಿಂಗ್ ಒಂದು ಸುತ್ತು ತಿರುಗುತ್ತದೆ, ಪ್ಯಾಕೆಟ್ ಮುಂದಕ್ಕೆ ಬಾಗುತ್ತದೆ, ಮೇಲಿನ ಪ್ಲಾಸ್ಟಿಕ್ ತುದಿ ತಂತಿಗೆ ಸಿಕ್ಕಿಕೊಂಡು ನೇತಾಡುತ್ತದೆ. ಎದುರಿಗೆ ನಿಂತವರು ಮೊದಲು ಗಾಜು ತಟ್ಟುತ್ತಾರೆ, ಆಮೇಲೆ ಗುದ್ದುತ್ತಾರೆ, ಆಮೇಲೆ ಸ್ಟಿಕ್ಕರ್ ಮೇಲಿರುವ ನನ್ನ ನಂಬರ್‌ಗೆ ಫೋನ್ ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ರೂಪಾಯಿ ಕೋಡುಬಳೆಗೆ ಫೋನ್ ಬರುವುದು ಹೇಗಿರುತ್ತದೆ ಅಂತ ಈ ಬಿಸಿನೆಸ್ ಶುರು ಮಾಡಿದವರಿಗೇ ಗೊತ್ತು.

ಇದಕ್ಕೆ ಪರಿಹಾರ ಇದೆ, ಆದರೆ ಮೆಷಿನ್ ಕೊಳ್ಳುವ ಮೊದಲು ಕೇಳಬೇಕು. ಸ್ಪ್ರಿಂಗ್‌ಗಳಲ್ಲಿ ಸುತ್ತು ಎಷ್ಟು ದೂರ ದೂರ ಇದೆ ಅನ್ನುವುದು ಬೇರೆ ಬೇರೆ ಇರುತ್ತದೆ. ಹತ್ತಿರ ಇದ್ದರೆ ತೆಳು ಬಿಸ್ಕೆಟ್‌ಗೆ, ಅಗಲ ಇದ್ದರೆ ಉಬ್ಬಿದ ಪ್ಯಾಕೆಟ್‌ಗೆ. ದೊಡ್ಡ ಪ್ಯಾಕೆಟ್‌ಗೆ ಎರಡು ಸ್ಪ್ರಿಂಗ್ ಒಟ್ಟಿಗೆ ತಿರುಗುವ ಸಾಲು ಬೇಕು. ತುದಿಯ ತಂತಿ ಯಾವ ಕಡೆಗೆ ನಿಲ್ಲಬೇಕು ಅಂತ ಸ್ಪ್ರಿಂಗ್ ಬಿಚ್ಚಿ ತಿರುಗಿಸಿ ಕೂರಿಸಬಹುದು, ಸ್ವಲ್ಪ ತಿರುಗಿಸಿದರೆ ಅದೇ ಕೋಡುಬಳೆ ಬೇಗ ಬೀಳುತ್ತದೆ. ನನಗೆ ಇದನ್ನು ಹೇಳಿಕೊಟ್ಟಿದ್ದು ಡೀಲರ್ ಅಲ್ಲ, ಹುಬ್ಬಳ್ಳಿಯಲ್ಲಿ ಮೆಷಿನ್ ಇಟ್ಟಿರುವ ಒಬ್ಬರು, ಅದೂ ಫೋನಿನಲ್ಲಿ. ನಂದಿನಿ ಮಜ್ಜಿಗೆ ಇಡೋಣ ಅಂತ ಬಹಳ ಆಸೆ ಇತ್ತು. ಪೊಟ್ಟಣ ಯಾವ ಸ್ಪ್ರಿಂಗ್‌ನಲ್ಲೂ ನೆಟ್ಟಗೆ ನಿಲ್ಲುವುದಿಲ್ಲ, ಬಿದ್ದರೆ ಒಡೆಯುತ್ತದೆ. ಗಾಜಿನ ಬಾಟಲಿಯೂ ಅಷ್ಟೇ, ಅದಕ್ಕೆ ಮಾಲನ್ನು ಬೀಳಿಸದೆ ಮೆಲ್ಲಗೆ ಕೆಳಗಿಳಿಸುವ ಲಿಫ್ಟ್ ಇರುವ ಮೆಷಿನ್ ಬೇಕು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಟೆಟ್ರಾ ಪ್ಯಾಕಿನ ಹಾಲು, ಸಣ್ಣ ಪ್ಲಾಸ್ಟಿಕ್ ಬಾಟಲಿ, ಇವೆರಡೇ ಸಾಕು.

ಅದಕ್ಕೇ ಮುಂದಿನ ಸಲ ಮೆಷಿನ್ ನೋಡಲು ಹೋದಾಗ ಚೀಲ ತುಂಬಿಕೊಂಡು ಹೋದೆ. ಕೋಡುಬಳೆ, ನಿಪ್ಪಟ್ಟು, ಐದು ರೂಪಾಯಿ ಬಿಸ್ಕೆಟ್, ನೀರಿನ ಬಾಟಲಿ, ಸೋಪು. ಅವರ ಎದುರೇ ಒಂದೊಂದನ್ನೂ ಹತ್ತು ಸಲ ಬೀಳಿಸಿ ನೋಡಿದೆ. ಡೀಲರ್ ಮುಖ ಸಣ್ಣದಾಯಿತು. ಆದರೆ ಒಂದು ಮೆಷಿನ್‌ನಲ್ಲಿ ಎಲ್ಲಾ ಬಿತ್ತು, ಅದನ್ನೇ ತಂದೆ, ಈಗ ಸಾಗರದ ಒಂದು ಹಾಸ್ಟೆಲಿನಲ್ಲಿದೆ. ಅದರ ಬಗ್ಗೆ ಜಾಸ್ತಿ ಹೇಳುವುದಕ್ಕೇ ಏನೂ ಇಲ್ಲ. ಬಿದ್ದುಕೊಂಡು ಹೋಗುತ್ತಿದೆ.

ಇನ್ನು ಮಳೆ. ಡೀಲರುಗಳು ಕೊಡುವ ಕಾಗದದಲ್ಲಿ ಕೂಲಿಂಗ್ 4 ಡಿಗ್ರಿ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. 2024ರ ಪುನರ್ವಸು ಮಳೆ ಹಿಡಿದು ಕೂತಿತ್ತು. ನಾನು 4 ಡಿಗ್ರಿಯಲ್ಲೇ ಬಿಟ್ಟಿದ್ದೆ. ಹೊರಗಿನ ಗಾಳಿಯೇ ಒದ್ದೆ, ಒಳಗೆ ಥಂಡಿ, ಗಾಜಿನ ಮೇಲೆ ಹೊರಗಡೆಯಿಂದ ನೀರು ಇಳಿಯತೊಡಗಿತು. ಒಳಗೆ ಏನಿದೆ ಅಂತಲೇ ಕಾಣುವುದಿಲ್ಲ, ಬಾಗಿಲ ಬುಡದಲ್ಲಿ ಕೆರೆ. ಅದಕ್ಕಿಂತ ದೊಡ್ಡ ಕಥೆ ಸೆನ್ಸರ್‌ದು. ಪ್ಯಾಕೆಟ್ ಬಿತ್ತೋ ಇಲ್ಲವೋ ನೋಡಲು ಕೆಳಗೆ ಕಣ್ಣಿಗೆ ಕಾಣದ ಬೆಳಕಿನ ಗೆರೆ ಇರುತ್ತದೆ. ಬಿದ್ದಿದ್ದು ಗೊತ್ತಾಗದಿದ್ದರೆ ಸ್ಪ್ರಿಂಗ್ ಇನ್ನೊಂದು ಸಲ ತಿರುಗುತ್ತದೆ, ಆಗಲೂ ಗೊತ್ತಾಗದಿದ್ದರೆ ದುಡ್ಡು ವಾಪಸ್. ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಕಣ್ಣಿನ ಮೇಲೆ ಮಂಜು ಕೂತರೆ? ನರ್ಸಿಂಗ್ ಹೋಮಿನ ಆಯಾ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರು. "ಅಣ್ಣಾ, ನಿಮ್ಮ ಮೆಷಿನ್ ಎರಡೆರಡು ಕೊಟ್ಟು ದುಡ್ಡೂ ವಾಪಸ್ ಕೊಡ್ತಾ ಇದೆ, ಬೇಗ ಬನ್ನಿ, ಹುಡುಗ್ರು ಕ್ಯೂ ನಿಂತಿದಾರೆ." ಹೋಗಿ ನೋಡಿದರೆ ಚಿಪ್ಸ್ ಸಾಲು ಖಾಲಿ. ಒಬ್ಬ ಹುಡುಗ ಪಾಪ ಎರಡು ಪ್ಯಾಕೆಟ್ ವಾಪಸ್ ಕೊಟ್ಟ, ಉಳಿದವರು ನಗುತ್ತಾ ಮೆಟ್ಟಿಲು ಹತ್ತಿದರು.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 12 ಡಿಗ್ರಿಗೆ ಏರಿಸಿಡುತ್ತೇನೆ. ಆ ಥಂಡಿಯಲ್ಲಿ ಯಾರಿಗೆ ಬೇಕು ಐಸ್‌ನಂಥ ನೀರು, ಅಲ್ವಾ? ನಾನು ಇಡುವುದರಲ್ಲಿ ತಂಪಿಲ್ಲದೆ ಕೆಡುವ ಮಾಲು ಯಾವುದೂ ಇಲ್ಲ, ಹಾಗಾಗಿ ಇದು ನಡೆಯುತ್ತದೆ. ಕರೆಂಟೂ ಉಳಿಯುತ್ತದೆ, ಸಬ್ ಮೀಟರ್ ಪ್ರಕಾರ ಬೇಸಿಗೆಯಲ್ಲಿ ದಿನಕ್ಕೆ 6 ಯೂನಿಟ್ ತಿನ್ನುತ್ತಿದ್ದುದು 4ಕ್ಕೆ ಇಳಿಯಿತು. ಕೊಳ್ಳುವಾಗ ಗಾಜು ಎರಡು ಪದರದ್ದಾ, ಗಾಜಿಗೆ ಹೀಟರ್ ಇದೆಯಾ ಅಂತ ಕೇಳಿ. ಬಾಗಿಲಿನ ರಬ್ಬರಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿ, ಸುಲಭವಾಗಿ ಬಂದರೆ ಬೇಡ. ಹಿಂದೆ ಕಂಪ್ರೆಸರ್ ಇರುವ ಕಡೆ ಸಣ್ಣ ಕಣ್ಣಿನ ಜಾಲರಿ ಇಲ್ಲದಿದ್ದರೆ ನೀವೇ ಹಾಕಿಸಿ, ಮಳೆ ಶುರುವಾದರೆ ಇಲಿಗೆ ಅದಕ್ಕಿಂತ ಬೆಚ್ಚಗಿನ ಮನೆ ಬೇರೆ ಇಲ್ಲ.

ಮಾರಿದ್ದು ಅಂದೆನಲ್ಲ, ಅದು ಟೀ ಕಾಫಿ ಮೆಷಿನ್. ಪೌಡರ್ ಹಾಕುವಂಥದ್ದು. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ಹಪ್ಪಳವೇ ಮೆತ್ತಗಾಗುತ್ತದೆ, ಬಿಸಿನೀರಿನ ಹಬೆ ಪಕ್ಕದಲ್ಲೇ ಇರುವ ಹಾಲಿನ ಪುಡಿ ಏನಾಗಬೇಕು? ಗಟ್ಟಿಯಾಗಿ ಕಲ್ಲು. ದಿನಾ ಬಿಚ್ಚಿ ತೊಳೆದರೆ ಸರಿ, ಒಂದು ದಿನ ಬಿಟ್ಟರೆ ಕೊಳವೆಯಲ್ಲಿ ಬೂಷ್ಟು. ಅಲ್ಲೇ ಕೂತು ನೋಡಿಕೊಳ್ಳುವ ಆಳು ಇದ್ದರೆ ಮಾತ್ರ ತಗೊಳ್ಳಿ. ಆಳು ಇದ್ದರೆ ಒಂದು ಸ್ಟವ್ ಇಟ್ಟು ನಿಜವಾದ ಟೀ ಮಾಡಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಂಡು ಮಾರಿದೆ.

ಕರೆಂಟಿನ ವಿಷಯ. 2024ರ ಏಪ್ರಿಲ್‌ನಲ್ಲಿ, ಮಳೆಗೂ ಮುಂಚೆ ಬರುವ ಗುಡುಗು ಸಿಡಿಲಿನ ಒಂದು ಸಂಜೆ, ಟಚ್ ಸ್ಕ್ರೀನ್ ಮೆಷಿನ್‌ನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿತು. ಬೆಂಗಳೂರಿಗೆ ಫೋನ್ ಮಾಡಿದೆ. ಫೋಟೋ ಕಳಿಸಿ ಅಂದರು. ವೀಡಿಯೋ ಕಳಿಸಿ ಅಂದರು. ಬೋರ್ಡ್ ಬಿಚ್ಚಿ ಕೊರಿಯರ್ ಮಾಡಿ ಅಂದರು. ಸಿಡಿಲು ಬಡಿದದ್ದು ವಾರಂಟಿಗೆ ಬರುವುದಿಲ್ಲ ಅಂದರು. 18,500 ರೂಪಾಯಿ, ಹನ್ನೊಂದು ದಿನ. ಆ ಹನ್ನೊಂದು ದಿನ ಕಪ್ಪು ಪರದೆಯ ಎದುರು ಜನ ನಿಂತು ಮುಖ ನೋಡಿಕೊಂಡು ಹೋದರು.

ನನ್ನ ಇನ್ನೊಂದು ಮೆಷಿನ್ ಕಥೆ ಪೂರ್ತಿ ಉಲ್ಟಾ. ಬೆಂಗಳೂರಿನಲ್ಲಿ ಒಂದು ಆಫೀಸ್ ಖಾಲಿ ಮಾಡುವಾಗ ಮಾರಿದ ಸೆಕೆಂಡ್ ಹ್ಯಾಂಡ್, 85,000. ಒತ್ತುವ ಗುಂಡಿ, ಬೆರಳುದ್ದದ ಪರದೆ, ಬಣ್ಣ ಹೋದ ಡಬ್ಬಿ. ಸಾಗಣೆ, ಮೊಬೈಲ್‌ನಿಂದ ದುಡ್ಡು ಕಟ್ಟುವ ಕ್ಯೂಆರ್ ಸೆಟ್ಟು ಕೂರಿಸಿದ್ದು, ಗ್ಯಾಸ್ ತುಂಬಿಸಿದ್ದು ಸೇರಿ ಒಂದು ಲಕ್ಷ ಮುಟ್ಟಿತು. ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿದೆ. ಒಂದು ಸಾಲಿನ ಮೋಟರ್ ಹೋಯಿತು, 24 ವೋಲ್ಟಿನ ಸಣ್ಣ ಮೋಟರ್, 650 ರೂಪಾಯಿ, ಬಿಡುವಿನ ದಿನ ನಾನೇ ಸ್ಕ್ರೂ ಡ್ರೈವರ್ ಹಿಡಿದು ಕೂರಿಸಿದೆ. ಕೂಲಿಂಗ್ ಕಮ್ಮಿಯಾದಾಗ ನಮ್ಮ ಬೀದಿಯ ಫ್ರಿಡ್ಜ್ ಮೆಕ್ಯಾನಿಕ್ ಬಂದು ನೋಡಿ "ಇದು ಫ್ರಿಡ್ಜೇ ಅಲ್ವಾ ಮಾರಾಯ್ರೆ" ಅಂತ ಮಧ್ಯಾಹ್ನದೊಳಗೆ ಸರಿ ಮಾಡಿ ಹೋದ. ನನಗೆ ಎರಡು ವರ್ಷದಲ್ಲಿ ತಿಳಿದ ವಿಷಯ ಇಷ್ಟೇ: ಮೆಷಿನ್ ಯಾವುದಾದರೂ ಕೆಡುತ್ತದೆ, ಕೆಟ್ಟ ದಿನ ನಮ್ಮೂರಲ್ಲೇ ಅದನ್ನು ಬಿಚ್ಚುವವರು ಇದ್ದಾರಾ ಅಂತ ನೋಡಿಕೊಂಡು ಕೊಳ್ಳಬೇಕು. ಈಗ ಮೂರಕ್ಕೂ ಸ್ಟೆಬಿಲೈಜರ್ ಇದೆ, ಸರಿಯಾದ ಅರ್ಥಿಂಗ್ ಮಾಡಿಸಿದ್ದೇನೆ, ಕರೆಂಟ್ ಬಂದ ಮೇಲೆ ಮೂರು ನಿಮಿಷ ಬಿಟ್ಟು ಕಂಪ್ರೆಸರ್ ಶುರುವಾಗುವ ಹಾಗೆ ಟೈಮರ್ ಇದೆ. ಬೋರ್ಡಿಗೆ ಮಾತ್ರ ಸಣ್ಣ ಯುಪಿಎಸ್. ಯಾಕೆಂದರೆ ದುಡ್ಡು ಹೋಗಿ ಸ್ಪ್ರಿಂಗ್ ಅರ್ಧ ತಿರುಗುವಾಗ ಕರೆಂಟ್ ಹೋದರೆ ಆಗುವ ಜಗಳ ಯಾರಿಗೂ ಬೇಡ.

ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. ನರ್ಸಿಂಗ್ ಹೋಮಿನದು ದಿನಕ್ಕೆ ಸುಮಾರು 1,400 ವ್ಯಾಪಾರ. ಮಾಲಿನ ದುಡ್ಡು, ಬಾಡಿಗೆ 3,000, ಕರೆಂಟು, ಸಾಫ್ಟ್‌ವೇರ್ ಎಲ್ಲಾ ಕಳೆದು ತಿಂಗಳಿಗೆ ಕೈಗೆ 4,700ರ ಹತ್ತಿರ. ಕಾರ್ಖಾನೆಯದು ದಿನಕ್ಕೆ 1,100, ವಾರಕ್ಕೊಂದು ರಜೆ, ಆದರೆ ಅಲ್ಲಿ ಬಾಡಿಗೆಯೂ ಇಲ್ಲ ಕರೆಂಟೂ ಅವರದೇ, 4,000 ಉಳಿಯುತ್ತದೆ. ಅಂದರೆ ಚಂದದ ಮೆಷಿನ್ ಹಾಕಿದ ದುಡ್ಡು ಮುಟ್ಟಿಸಲು ನಾಲ್ಕೂವರೆ ವರ್ಷ ಬೇಕು, ಬಣ್ಣ ಹೋದ ಡಬ್ಬಿಗೆ ಎರಡು ವರ್ಷ ಸಾಕು. ಸುಟ್ಟ ಬೋರ್ಡ್ ಇದರಲ್ಲಿ ಸೇರಿಲ್ಲ.

ನರ್ಸಿಂಗ್ ಹೋಮಿನಲ್ಲಿ ಲಾಭ ಕೊಟ್ಟಿದ್ದು ತಿಂಡಿಯೂ ಅಲ್ಲ. ಒಂದು ರಾತ್ರಿ ತೀರ್ಥಹಳ್ಳಿ ಕಡೆಯ ಒಬ್ಬರು, ಹೆಂಡತಿಯನ್ನು ಅವಸರದಲ್ಲಿ ಅಡ್ಮಿಟ್ ಮಾಡಿಸಿ ಬಂದವರು, ಮಾಲು ತುಂಬುತ್ತಿದ್ದ ನನ್ನನ್ನು ಕೇಳಿದರು: "ಇದರಲ್ಲಿ ಬ್ರಷ್ಷು ಪೇಸ್ಟು ಸಿಗಲ್ವಾ?" ಹತ್ತು ಗಂಟೆ ಮೇಲೆ ಸುತ್ತ ಒಂದು ಅಂಗಡಿಯೂ ತೆರೆದಿರಲಿಲ್ಲ. ಮಾರನೇ ವಾರ ಬ್ರಷ್, ಪೇಸ್ಟ್, ಸಣ್ಣ ಸೋಪು ಸೇರಿದ ಪ್ಯಾಕೆಟ್ ಇಟ್ಟೆ, ಪಕ್ಕದಲ್ಲಿ ಸ್ಯಾನಿಟರಿ ಪ್ಯಾಡ್, ಮೊಬೈಲ್ ಚಾರ್ಜರ್ ವೈರು. ಚಿಪ್ಸ್‌ನಲ್ಲಿ ನೂರಕ್ಕೆ ಹತ್ತು ಹನ್ನೆರಡು ಸಿಕ್ಕರೆ ಇವುಗಳಲ್ಲಿ ಮೂವತ್ತು ದಾಟುತ್ತದೆ. ಎಂಆರ್‌ಪಿ ಮೇಲೆ ಒಂದು ರೂಪಾಯಿ ಜಾಸ್ತಿ ಹಾಕುವ ಹಾಗಿಲ್ಲ, ಮೆಷಿನ್ ಆದರೂ ಅಷ್ಟೇ, ಹಾಗಾಗಿ ಏನು ಮಾರುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ. ತಿಂಡಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ, ನಾನು ಮಾಡಿಸಿದಾಗ 12 ಲಕ್ಷದೊಳಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಮನೆಯಲ್ಲಿ ಮಾಡಿದ ಚಕ್ಕುಲಿ ಅಂತ ಲೇಬಲ್ ಇಲ್ಲದ್ದನ್ನು ತುಂಬಬೇಡಿ, ಎಷ್ಟೇ ರುಚಿ ಇದ್ದರೂ.

ಟಚ್ ಸ್ಕ್ರೀನ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕೆಟ್, ಚಾಕೊಲೇಟ್, ಖಾರದ ತಿಂಡಿ ಎಲ್ಲದರ ಜಿಎಸ್‌ಟಿ 5%ಗೆ ಇಳಿಯಿತಲ್ಲ, ಆಗ ಅದರ ಬೆಲೆಗಳನ್ನೆಲ್ಲಾ ಮನೆಯಲ್ಲಿ ಕಾಫಿ ಕುಡಿಯುತ್ತಾ ಮೊಬೈಲ್‌ನಲ್ಲೇ ಬದಲಾಯಿಸಿದೆ. ಹಳೇ ಡಬ್ಬಿಗೆ ಬಾಗಿಲು ತೆಗೆದು ನಲವತ್ತು ಸಾಲಿಗೂ ಗುಂಡಿ ಒತ್ತುತ್ತಾ ಮಂಡಿ ನೋವು ಬಂತು. ಯಾವ ಸಾಲು ಖಾಲಿಯಾಗಿದೆ ಅಂತಲೂ ಮೊಬೈಲ್‌ನಲ್ಲಿ ಕಾಣುತ್ತದೆ. ಸಾಗರಕ್ಕೆ 70 ಕಿಲೋಮೀಟರ್ ಹೋಗಿ ಬರುವವನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಇದು ಸ್ಕ್ರೀನ್‌ನಿಂದ ಬರುವುದಲ್ಲ, ಒಳಗಿನ ಸಿಮ್‌ನಿಂದ. ಗುಂಡಿ ಇರುವ ಸಾದಾ ಮೆಷಿನ್‌ನಲ್ಲೂ ಸಿಗುತ್ತದೆ, ಸಾಗರದ್ದು ಹಾಗೇ ಇದೆ. ಸಿಮ್ ಯಾವ ಕಂಪನಿಯದು ಹಾಕಬೇಕು ಅಂತ ಮೆಷಿನ್ ನಿಲ್ಲುವ ಮೂಲೆಯಲ್ಲೇ ಮೊಬೈಲ್ ಹಿಡಿದು ನೋಡಿ, ಬಾಗಿಲ ಹತ್ತಿರ ಅಲ್ಲ. ಮೆಟ್ಟಿಲ ಕೆಳಗಿನ ಗೋಡೆ ದಪ್ಪ ಇದ್ದರೆ ಹೊರಗೆ ಎಳೆಯುವ ಆಂಟೆನಾ ಬೇಕಾಗುತ್ತದೆ.

ನೋಟು ನುಂಗುವ ಯಂತ್ರಕ್ಕೆ ದುಡ್ಡು ಹಾಕಬೇಡಿ. ಮಳೆಯಲ್ಲಿ ನೆನೆದು ಬಂದವರ ಜೇಬಿನ ಹತ್ತರ ನೋಟನ್ನು ಅದು ಉಗಿಯುತ್ತಲೇ ಇರುತ್ತದೆ. ಯುಪಿಐ ಇಲ್ಲದ ಅಜ್ಜ ಅಜ್ಜಿಯರಿಗೆ ಆಯಾನೇ ತಮ್ಮ ಮೊಬೈಲ್‌ನಿಂದ ಹಾಕಿ ಕೈಗೆ ಚಿಲ್ಲರೆ ಇಸ್ಕೊಳ್ಳುತ್ತಾರೆ.

ಟಚ್ ಸ್ಕ್ರೀನ್‌ಗೆ ಐದಕ್ಕೆ ಎರಡೂವರೆ, ಹಳೇ ಡಬ್ಬಿಗೆ ನಾಲ್ಕು, ಸಾಗರದ್ದಕ್ಕೆ ನಾಲ್ಕೂವರೆ. ಕಳೆದ ತಿಂಗಳಿಂದ ಟಚ್ ಸ್ಕ್ರೀನ್ ನಡುವೆ ಒಂದು ಕಪ್ಪು ಗೆರೆ ಬಂದಿದೆ, ಸರಿಯಾಗಿ ನೀರಿನ ಬಾಟಲಿಯ ಚಿತ್ರದ ಮೇಲೆ. ಹೊಸ ಪರದೆಗೆ ಕೇಳಿದ ಬೆಲೆಯಲ್ಲಿ ಇನ್ನೂ ಕಾಲು ಮೆಷಿನ್ ಬರುತ್ತದೆ. ಸದ್ಯಕ್ಕೆ "ನೀರಿಗೆ ಇಲ್ಲಿ ಒತ್ತಿ" ಅಂತ ಕಾಗದದಲ್ಲಿ ಬರೆದು ಬಾಣದ ಗುರುತು ಹಾಕಿ ಅಂಟಿಸಿದ್ದೇನೆ.